ಗುಂಡಿಗಳ ನಡುವೆ ಒಂದು ಮಾತ್ರೆ

ನನ್ನ ಗಂಡ ಗುರುಮೂರ್ತಿ ತೀರಿಕೊಂಡು ಎರಡು ವರ್ಷವಾಯಿತು. ಅವರ ಎದೆಯ ಟಿಕ್ ಟಿಕ್ ಮಾತ್ರ ಈ ಮನೆ ಬಿಟ್ಟು ಹೋಗಿಲ್ಲ. ಗೋಡೆ ಗಡಿಯಾರದ ಸೆಲ್ ಕಿತ್ತು ಹಾಕಿದೆ. ಆದರೂ ಮಧ್ಯಾಹ್ನ ಉಂಡು ಗೋಡೆಗೆ ಒರಗಿದರೆ ಕೇಳಿಸುತ್ತದೆ. ಭ್ರಮೆ ಎನ್ನುವವರು ಎನ್ನಲಿ, ಅವರೇನು ಆ ಸದ್ದಿನ ಜೊತೆ ಸಂಸಾರ ಮಾಡಿದವರಲ್ಲ.

ಮಾದಿಹಳ್ಳಿಯಲ್ಲಿ ಅವರದು ದರ್ಜಿ ಅಂಗಡಿ. ೨೦೦೨ರಲ್ಲಿ ಬೆಂಗಳೂರಿನಲ್ಲಿ ಆಪರೇಷನ್ ಮಾಡಿ, ಹೃದಯದ ಕೆಟ್ಟ ಕವಾಟ ತೆಗೆದು ಟಿಕ್ ಟಿಕ್ ಎನ್ನುವ ಲೋಹದ್ದು ಕೂರಿಸಿದರು. ಅಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು ದಿನಾ ಎರಡು ಮಾತ್ರೆ. ಒಂದರ ಕೆಲಸವನ್ನು ತಿಂಗಳ ರಕ್ತಪರೀಕ್ಷೆ ಹೇಳುತ್ತಿತ್ತು. ಇನ್ನೊಂದು ಆಸ್ಪಿರಿನ್. ಅದನ್ನು ನುಂಗಿದ್ದಕ್ಕೆ ಮನುಷ್ಯನ ಮಾತೇ ಸಾಕ್ಷಿ.

ಆಪರೇಷನ್ ಆದ ಎರಡನೇ ವರ್ಷ ಒಂದು ಬೆಳಿಗ್ಗೆ ಅವರ ಕೈಯಿಂದ ಕತ್ತರಿ ಜಾರಿ ಬಿತ್ತು. ಅರ್ಧ ಗಂಟೆ ಕೈ ಮೇಲೇಳಲಿಲ್ಲ. ಹಾಸನದಲ್ಲಿ ಡಾಕ್ಟರು ರಕ್ತಪರೀಕ್ಷೆಯ ಕಾಗದ ನೋಡಿ, "ಇದು ಸರಿಯಾಗೇ ಇದೆ. ಆಸ್ಪಿರಿನ್ ಏನಾದ್ರೂ ಬಿಟ್ಟಿದ್ರಾ?" ಎಂದರು.

"ಒಂದಿನಾನೂ ಬಿಟ್ಟಿಲ್ಲ ಸಾರ್," ಎಂದರು ಇವರು.

ನಂಬಿದೆ. ಮರುದಿನ ಅಂಗಡಿ ಗುಡಿಸುವಾಗ ಷರ್ಟಿನ ಗುಂಡಿಗಳ ಡಬ್ಬಿಯಲ್ಲಿ ಒಂದು ಬಿಳಿ ಆಸ್ಪಿರಿನ್ ಮಾತ್ರೆ ಸಿಕ್ಕಿತು.

"ಕೈ ಜಾರಿ ಬಿದ್ದಿತ್ತು ಕಣೇ. ಹುಡುಕ್ದೆ, ಸಿಗ್ಲಿಲ್ಲ. ಬೇರೇದು ನುಂಗ್ದೆ," ಎಂದರು.

ನನಗೋ ಮೂಗಿನ ತುದಿಯಲ್ಲೇ ಕೋಪ. "ಹಂಗಾದ್ರೆ ಅಮ್ಮನ ಮುಂದೆ ಕರ್ಪೂರ ಆರ್ಸಿ," ಎಂದೆ.

ಆರಿಸಿದರು. ಊರಮ್ಮನ ಗುಡಿಯಲ್ಲಿ ಉರಿಯುವ ಕರ್ಪೂರವನ್ನು ಅಂಗೈಯಿಂದ ಅಮುಕಿ, ಒಂದು ಮಾತ್ರೆಯನ್ನೂ ತಪ್ಪಿಸಿಲ್ಲವೆಂದು ಆಣೆ ಇಟ್ಟರು. ಹನ್ನೊಂದನೇ ದಿನ ಲಕ್ವ ಹೊಡೆದು ಮಾತು ಬಿದ್ದುಹೋಯಿತು.

ಇನ್ನೇನು ಬೇಕು? ಸುಳ್ಳು ಆಣೆ ಇಟ್ಟವನ ನಾಲಿಗೆಯನ್ನು ಅಮ್ಮ ಕಿತ್ತುಕೊಂಡಳೆಂದು ಊರೆಲ್ಲ ಆಡಿಕೊಂಡಿತು. ಅತ್ತೆ ಹುಚ್ಚಮ್ಮ ಅಳುತ್ತಲೇ, "ಅಮ್ಮನ ತಾವ ಆಟ ಆಡ್ದ ನನ್ ಮಗ. ಸುಮ್ಕೆ ಬಿಟ್ಟಾಳಾ?" ಎಂದರು. ಹೆತ್ತವರೇ ಹಾಗೆಂದ ಮೇಲೆ ನಾನೂ ನಂಬಿದೆ ಎನ್ನಬಹುದು. ನಿಜ ಹೇಳಬೇಕೆಂದರೆ, ಅವರಿಗಿಂತ ಮೊದಲೇ ನಂಬಿದ್ದೆ.

ಅಂದಿನಿಂದ ಮಾತ್ರೆಯನ್ನು ನಾನೇ ಬಾಯಿಗೆ ಹಾಕುತ್ತಿದ್ದೆ. "ನಾಲ್ಗೆ ತೋರ್ಸಿ. ಮೇಲಕ್ಕೆತ್ತಿ. ಕೆಳಗಡೇನೂ ತೋರ್ಸಿ." ಆರು ತಿಂಗಳು ಅವರೊಂದಿಗೆ ಬೇರೆ ಮಾತೇ ಆಡಲಿಲ್ಲ. ಪಕ್ಕದಲ್ಲಿ ಮಲಗಿದರೆ ಟಿಕ್ ಟಿಕ್ ಕೇಳುತ್ತಿತ್ತು. ಅದಕ್ಕೂ ಬೆನ್ನು ತಿರುಗಿಸಿದೆ.

ನನ್ನ ಕೈಯಾರೆ ನುಂಗಿಸುತ್ತಿದ್ದಾಗಲೇ ಮತ್ತೊಮ್ಮೆ ಲಕ್ವ ಹೊಡೆಯಿತು. ಬೆಂಗಳೂರಿಗೆ ಕರೆದೊಯ್ದೆ. ಅಲ್ಲಿನ ಡಾಕ್ಟರು ಬೇರೆಯೇ ಒಂದು ಪರೀಕ್ಷೆ ಮಾಡಿಸಿ ನನ್ನನ್ನು ಹೊರಗೆ ಕರೆದರು.

"ನೀವೇ ನುಂಗಿಸಿದ್ದೀರಿ. ಆದರೂ ಈ ರಕ್ತದ ಮೇಲೆ ಆಸ್ಪಿರಿನ್ ಕೆಲಸ ಮಾಡಿಲ್ಲ. ಕೆಲವರ ಮೈ ಹಾಗೆ, ಆ ಮಾತ್ರೆಗೆ ಬಗ್ಗೋದೇ ಇಲ್ಲ. ಮೊದಲಿಂದ್ಲೂ ಹಾಗೇ ಇದ್ದಿರಬೇಕು. ಅವರ ತಪ್ಪೇನೂ ಇಲ್ಲಮ್ಮ."

ವಾರ್ಡಿಗೆ ಬಂದೆ. ಕಾಲು ಹಿಡಿದು, ನೀವು ಸುಳ್ಳಾಡಿರಲಿಲ್ಲ ಅಂತ ಗೊತ್ತಾಯ್ತು ಕಣ್ರೀ, ಎನ್ನಬೇಕೆಂದಿದ್ದೆ. ಕೈಯಲ್ಲಿ ಮಾತ್ರೆ ಇರಲಿಲ್ಲ, ನೀರಿನ ಲೋಟವೂ ಇರಲಿಲ್ಲ. ಮಂಚದ ಹತ್ತಿರ ಬಗ್ಗಿ "ರೀ" ಎಂದೆ.

ಅವರು ನನ್ನ ಮುಖ ನೋಡಿದ್ದೇ ಬಾಯಿ ತೆರೆದರು. ನಾಲಿಗೆ ಹೊರಚಾಚಿದರು. ಆಮೇಲೆ ಮೆಲ್ಲಗೆ ಮೇಲಕ್ಕೆತ್ತಿ, ಕೆಳಗಡೆಯೂ ತೋರಿಸಿದರು.