ಗಿನಿಕೋಳಿಗೆ ದಾರಿ ಬಿಟ್ಟವನ ಹಾಡು

ಗ್ವಾಂದರ ಬುಡಕಟ್ಟಿನ ಹಾಡುಗಾರ ಟಂಕೊ ಯಾರನ್ನು ಬೇಕಾದರೂ ಹೊಗಳಬಲ್ಲವನಾಗಿದ್ದ. ಹಲ್ಲಿಲ್ಲದ ಮುದುಕನೊಬ್ಬನನ್ನು ‘ಮೂಳೆಗಳಿಗೆ ಅಭಯ ಕೊಟ್ಟವನೆ’ ಎಂದು ಹಾಡಿ ಕೊಬ್ಬಿದ ಮೇಕೆಯೊಂದನ್ನು ಮನೆಗೆ ಹೊಡೆದುಕೊಂಡು ಬಂದಿದ್ದ. ಆದರೆ ಡಂಗಾನನ ವಿಷಯದಲ್ಲಿ ಮಾತ್ರ ಅವನ ನಾಲಿಗೆ ಕೈಕೊಟ್ಟಿತು.

ಡಂಗಾನನಿಗೆ ಗೆಣಸಿನ ಹೊಲಗಳ ಯಜಮಾನ ಪದವಿ ಬಂದಿತ್ತು. ಚಿಕ್ಕಪ್ಪ ತೀರಿಕೊಂಡಿದ್ದರಿಂದ ಸರದಿಯ ಪ್ರಕಾರ ಬಂದದ್ದೇ ಹೊರತು ಅವನ ಗುದ್ದಲಿ ನೋಡಿ ಬಂದದ್ದಲ್ಲ. ಪಟ್ಟದ ದಿನ ಹಾಡಬೇಕಾದವನು ಟಂಕೊ. ಹೊಗಳಲು ಏನಾದರೂ ಸಿಕ್ಕೀತೆಂದು ಅವನು ಹೆಂಡ ಮಾರುವ ಬಾರ್ಡೆಯನ್ನು ಕೇಳಿದ.

“ಡಂಗಾನನಾ? ಒಳ್ಳೆ ಮನುಷ್ಯ ಕಣಣ್ಣ.”

“ಏನ್ ಒಳ್ಳೇದು, ಒಂದು ಹೇಳು.”

ಬಾರ್ಡೆ ಹೆಂಡದ ಸೋರೆಬುರುಡೆ ತೊಳೆದಿಟ್ಟು ಇನ್ನೊಂದನ್ನೂ ತೊಳೆದ. “ಇರ್ತಾನೆ,” ಎಂದ ಕೊನೆಗೆ.

“ಎಲ್ಲಿ?”

“ಎಲ್ಲೂ ಇಲ್ಲ. ಸುಮ್ನೆ ಇರ್ತಾನೆ.”

ಬೇರೆ ದಾರಿ ಕಾಣದೆ ಟಂಕೊ ಡಂಗಾನನ ಮನೆಗೇ ಹೋದ. “ಬೇಟೆ ಗೀಟೆ ಆಡಿದ್ದೀಯೇನಪ್ಪ?” ಎಂದು ಕೇಳಿದ.

“ಒಂದ್ಸಲ ಹೊರಟಿದ್ದೆ. ಚಪ್ಪಲಿ ಮರ್ತಿದ್ದೆ, ವಾಪಸ್ ಬಂದೆ.”

“ಆಮೇಲೆ?”

“ಆಮೇಲೆ ಊಟ ಮಾಡ್ದೆ.”

ಅಷ್ಟರಲ್ಲಿ ಅಂಗಳಕ್ಕೆ ಒಂದು ಗಿನಿಕೋಳಿ ಬಂತು. ಆನೆಮರಿಯಂಥ ಡಂಗಾನ ಚಂಗನೆ ನೆಗೆದು ಗೆಣಸು ಕುಟ್ಟುವ ಒರಳಿನ ಮೇಲೆ ಹತ್ತಿ ನಿಂತ. ಅವನ ಹೆಂಡತಿ ಸೊಪ್ಪು ಸೋಸುವುದನ್ನು ನಿಲ್ಲಿಸಲೂ ಇಲ್ಲ.

“ಅದು ಹೋಗೋವರ್ಗೂ ಇಳಿಯಲ್ಲ,” ಎಂದಳು. “ನೀವು ಕೇಳಿ, ಅಲ್ಲಿಂದ್ಲೇ ಹೇಳ್ತಾರೆ.”

ಮನೆಗೆ ಬಂದು ಟಂಕೊ ತನ್ನ ಹೆಂಡತಿ ತಲಾಟುವಿಗೆ ಇದನ್ನು ಹೇಳಿ ತಲೆ ಮೇಲೆ ಕೈಹೊತ್ತು ಕೂತ.

“ಅದನ್ನೇ ಹಾಡು,” ಎಂದಳು ಅವಳು.

“ಪಟ್ಟದ ದಿನ ಒದೆ ತಿನ್ಲಾ?”

“ನಿನ್ ಸಿಂಹ, ಆನೆ ಕೇಳಿ ಕೇಳಿ ಜನ ಆಕಳಿಸ್ತಾರೆ. ನೀನು ಒದೆ ತಿಂದ್ರೆ ಎದ್ದಾದ್ರೂ ಕೂರ್ತಾರೆ.”

ಟಂಕೊ ಕಿವಿಗೆ ಹಾಕಿಕೊಳ್ಳಲಿಲ್ಲ. ಪಟ್ಟದ ದಿನ ತನ್ನ ಎರಡು ತಂತಿಯ ಗರಾಯ ಮೀಟಿ, “ಓ ಸಿಂಹವೇ” ಎಂದು ಶುರುಮಾಡಿದ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಹೊಸ ನಿಲುವಂಗಿ ತೊಟ್ಟ ಡಂಗಾನನೇ ಸಿಂಹ ಎಲ್ಲಿದೆಯೆಂದು ಗಾಬರಿಯಿಂದ ಹಿಂದಿರುಗಿ ನೋಡಿದ. ಟಂಕೊಗೆ ಮುಂದಿನ ಸಾಲು ಮರೆತೇಹೋಯಿತು. ಬಾಯಿಗೆ ಬಂದದ್ದನ್ನು ಹಾಡಿಬಿಟ್ಟ:

“ಆನೆ ಬಂದರೆ ದಾರಿ ಬಿಡದವರಾರು, ಅದರಲ್ಲೇನಿದೆ ದೊಡ್ಡತನ?
ಗಿನಿಕೋಳಿಗೂ ದಾರಿಯ ಬಿಟ್ಟ, ಒರಳನೇರಿದ ಡಂಗಾನ!”

ಡಂಗಾನ ಎದ್ದು ನಿಂತ. ಟಂಕೊ ಓಡಿಹೋಗಲು ಸಂದು ಹುಡುಕತೊಡಗಿದ.

ಆದರೆ ಡಂಗಾನನ ಹೊಟ್ಟೆ ಕುಲುಕಿತು, ಹೆಗಲು ಕುಲುಕಿತು. ನಗು ತಡೆಯಲಾರದೆ ಅವನು ಒಂದು ಮಂಡಿ ಎತ್ತಿ, ಅಂಗಿ ಹಿಡಿದು, ಕಾಣದ ಒರಳಿನ ಮೇಲೆ ಹತ್ತಿ ಇಳಿದ. ಮತ್ತೆ ಹತ್ತಿದ. ಡೋಲಿನವರು ಆ ಹೆಜ್ಜೆಗೆ ಪೆಟ್ಟು ಕೊಟ್ಟರು. ಕುಣಿತ ಬೇಡವೆಂದರೆಂಬ ಒಂದೇ ಕಾರಣಕ್ಕೆ ಕಾನೊ ಪಟ್ಟಣವನ್ನೇ ಬಿಟ್ಟುಬಂದವರ ವಂಶ ಗ್ವಾಂದರ ಜನರದು, ಇನ್ನು ಕೂತಿರುವುದುಂಟೆ? ಮುದುಕಿಯರು ಕೂಡ ಒರಳು ಹತ್ತಿ ಒರಳು ಇಳಿದರು. ಜೋಳದ ಹೆಂಡ ಖಾಲಿಯಾಯಿತು, ಕುಣಿತ ನಿಲ್ಲಲಿಲ್ಲ.

ಎರಡು ದಿನ ಬಿಟ್ಟು ಬಾರ್ಡೆ ಟಂಕೊನ ಬಾಗಿಲಿಗೆ ಬಂದ. ಅತ್ತಿತ್ತ ನೋಡಿ ಪಿಸುಗುಟ್ಟಿದ: “ನಂಗೆ ಕಪ್ಪೆ ಅಂದ್ರೆ ಜೀವ ಹೋಗುತ್ತೆ ಕಣಣ್ಣ. ಯಾರಿಗೂ ಹೇಳಿಲ್ಲ. ಒಂದು ಹಾಡು ಕಟ್ತೀಯಾ?”

ಅವನ ಹಿಂದೆ ಶಾಲೆಯ ಮೇಷ್ಟ್ರು ನಿಂತಿದ್ದರು. ಅವರಿಗೆ ತಮ್ಮ ಅತ್ತೆಯ ಭಯ.

ತಲಾಟು ಇಬ್ಬರಿಗೂ ನೀರು ಕೊಟ್ಟು, ಮೇಷ್ಟ್ರನ್ನು ಮೇಲಿಂದ ಕೆಳಗೆ ನೋಡಿದಳು.

“ಅತ್ತೆ ವಿಷ್ಯ ಊರಿಗೇ ಗೊತ್ತು ಮೇಷ್ಟ್ರೆ. ಹೊಸದೇನಾದ್ರೂ ಇದ್ರೆ ಒಳಗೆ ಬನ್ನಿ.”