ಡೋರ್ತೆ ಬಡಿಸಿದ್ದು

ಬಾಗಿಲು ಬಡಿದು ಬಡಿದು ಸಿಡ್ಸೆಲ್‌ಗೆ ಕೈ ನೋಯುವ ಹೊತ್ತಿಗೆ ಲೌಸ್ಟ್ ಅಗಳಿ ತೆಗೆದ. ಒಳಕ್ಕೆ ಕರೆಯಲಿಲ್ಲ.

"ಮಧ್ಯಾಹ್ನ ಹೆಣ ಎತ್ತಬೇಕು, ಲೌಸ್ಟ್. ಜೌಗಲ್ಲಿ ಉರುವಲು ಮಣ್ಣು ಕಡಿಯೋ ಕೂಲಿಯೋರೇ ನನ್ನ ಹೊರಬೇಕು ಅಂತ ನನ್ನ ತಮ್ಮ ವಿಗ್ಗೋ ಕಣ್ಮುಚ್ಚೋವರೆಗೂ ಹೇಳ್ತಿದ್ದ. ನೀನು ಬಂದ್ರೆ ಉಳಿದೋರೂ ಬರ್ತಾರೆ."

"ಸಾಹುಕಾರರು ಇದ್ದಾರಲ್ಲಕ್ಕ. ಅವನ ಪುಸ್ತಕ ಓದಿ ಕಣ್ಣೀರು ಸುರಿಸಿದೋರು. ಅವರೇ ಹೊರಲಿ."

"ಬಡವರ ಬಗ್ಗೆ ವಿಗ್ಗೋನಷ್ಟು ಬರೆದೋರು ಈ ಜಟ್ಲೆಂಡ್ ಸೀಮೇಲಿ ಇನ್ಯಾರಿದ್ದಾರೋ?"

"ಬರೆದ. ನಮ್ಮನೇಲೇ ಕೂತು, ನಮ್ಮ ಗಂಜಿ ಕುಡ್ಕೊಂಡೇ ಬರೆದ," ಎಂದು ಲೌಸ್ಟ್ ಬಾಗಿಲು ಹಾಕಿಕೊಂಡ.

ಸಿಡ್ಸೆಲ್‌ಗೆ ಮೈಯೆಲ್ಲ ಉರಿಯಿತು. ಆದರೆ ಯಾವ ಬಾಯಲ್ಲಿ ಬೈಯುವುದು?

* * *

ಹಿಂದೊಂದು ಕೆಟ್ಟ ಚಳಿಗಾಲದಲ್ಲಿ ಲೌಸ್ಟನ ಕೂಸು ಹೋದಾಗ, ಪೆಟ್ಟಿಗೆ ಹೊತ್ತವರಿಗೆ ಬಡಿಸಲು ಮನೆಯಲ್ಲಿ ಏನೂ ಇರಲಿಲ್ಲ. ಹೊತ್ತವರನ್ನು ಉಪವಾಸ ಕಳಿಸುವುದುಂಟೇ? ಲೌಸ್ಟನ ಹೆಂಡತಿ ಡೋರ್ತೆ ಸತ್ತ ಕುದುರೆಯ ಮಾಂಸ ತಂದು, ದನದ್ದೆಂದು ಹೇಳಿ ಬಡಿಸಿದಳು. ಕುದುರೆ ತಿಂದವರನ್ನು ಆ ಸೀಮೆಯಲ್ಲಿ ನಾಯಿಯೂ ಮೂಸುವುದಿಲ್ಲ. ವರ್ಷಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಅವಳು ಹೇಳಿಕೊಂಡು ಅತ್ತದ್ದು ವಿಗ್ಗೋನ ಮುಂದೆ ಮಾತ್ರ. ಅವನೂ ಅತ್ತ. ಆಮೇಲೆ ಅದನ್ನೇ ಕಾದಂಬರಿಯಾಗಿ ಬರೆದ. ಹೆಸರು ಬದಲಿಸಿದ, ಡೋರ್ತೆಯ ಕುಂಟುಕಾಲನ್ನು ಹಾಗೇ ಇಟ್ಟ.

"ಆ ಕಾಲನ್ನಾದ್ರೂ ತೆಗಿಯೋ," ಎಂದಿದ್ದಳು ಸಿಡ್ಸೆಲ್.

"ಕಾಲು ತೆಗೆದ್ರೆ ಕತೆ ನಿಲ್ಲಲ್ಲ ಕಣೆ," ಎಂದು ನಕ್ಕಿದ್ದ.

ರಾಜಧಾನಿಯ ಪತ್ರಿಕೆಗಳು ಹೊಗಳಿದ್ದೇ ಹೊಗಳಿದ್ದು. ಊರಲ್ಲಿ, ಅಂದು ಉಂಡ ಕೂಲಿಯವರು ಕುದುರೆ ತಿಂದವರೆಂದು ಹೆಸರಾದರು. ಡೋರ್ತೆಯ ಕೈಯಿಂದ ಮತ್ತೆ ಯಾರೂ ಒಂದು ತುಂಡು ರೊಟ್ಟಿ ತೆಗೆದುಕೊಳ್ಳಲಿಲ್ಲ.

* * *

ಹೆಣವನ್ನು ಸಾಹುಕಾರರೇ ಹೊತ್ತರು. ಆಮೇಲೆ ಸಿಡ್ಸೆಲ್ ಮನೆಯಲ್ಲಿ ಊಟಕ್ಕೆ ಕೂತಾಗ ಅವರಲ್ಲಿ ಹಿರಿಯನಾದ ಗ್ರೆಗರ್ಸ್, "ಬಡತನ ಅಂದ್ರೇನು ಅಂತ ನಮ್ಮ ಕಣ್ಣು ತೆರೆಸಿದೋನು ವಿಗ್ಗೋ," ಎಂದ. ಅವನ ಆಳುಗಳು ಇವತ್ತಿಗೂ ಕೊಟ್ಟಿಗೆಯಲ್ಲೇ ಮಲಗುವುದು.

ಅಷ್ಟರಲ್ಲಿ ಡೋರ್ತೆ ಒಬ್ಬಳೇ ಕುಂಟುತ್ತ ಒಳಬಂದು ಬೆಂಚಿನ ತುದಿಯಲ್ಲಿ ಕೂತಳು. ಕ್ಷಮಿಸಿಬಿಟ್ಟಳೆಂದುಕೊಂಡಳು ಸಿಡ್ಸೆಲ್. ಎಲ್ಲಕ್ಕಿಂತ ಒಳ್ಳೆಯ ತುಂಡು ಆರಿಸಿ ಅವಳಿಗೆ ಬಡಿಸಿದಳು.

ಡೋರ್ತೆ ತಟ್ಟೆಯನ್ನು ಮೂಗಿನ ಹತ್ತಿರ ತಂದಳು. "ಯಾವ ಮಾಂಸ ಅಕ್ಕ ಇದು?" ಎಂದು ಎಲ್ಲರ ಕಿವಿಗೂ ಬೀಳುವಂತೆ ಕೇಳಿದಳು.

"ದನದ್ದೇ, ಡೋರ್ತೆ."

"ನಾನೂ ಹಾಗೇ ಅಂದಿದ್ದೆ."

ಅವಳು ತಟ್ಟೆಯನ್ನು ಮೇಜಿನ ನಡುವಿಗೆ ತಳ್ಳಿದಳು. ಗ್ರೆಗರ್ಸ್ ಅಗಿಯುವುದನ್ನು ನಿಲ್ಲಿಸಿದ. ಒಬ್ಬೊಬ್ಬರಾಗಿ ಸಾಹುಕಾರರು ಬಾಯಿಗೆ ಒಯ್ದಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು.