ಎಡಗಡೆಯ ಬಾಕ್ಸು

ಗೋಕಾಕದ ಪೇಟೆಯಲ್ಲಿ ಭಾಂಡೆ-ಪಾತ್ರೆಗಳ ಅಂಗಡಿ ಇಟ್ಟಿರುವ ಶ್ರೀಶೈಲನಿಗೆ ಆ ಸೋಮವಾರ ಬೆಳಗಿನ ಚಹಾ ಗಂಟಲಲ್ಲಿ ಇಳಿಯಲಿಲ್ಲ. ಪಡಸಾಲೆಯಲ್ಲಿ ಎಡಗಡೆಯ ಸ್ಪೀಕರ್ ಬಾಕ್ಸಿನ ದನಿ ಕುಗ್ಗಿತ್ತು. ಪೂರಾ ಬಂದ್ ಆಗಿದ್ದರೆ ಒಂದು ನಮೂನೆ ಸಮಾಧಾನ, ಬಿಚ್ಚಿ ನೋಡಿ ಕೆಟ್ಟದ್ದನ್ನು ಬದಲಿಸಬಹುದು. ಇದು ಹಾಡುತ್ತಿತ್ತು, ಆದರೆ ಒಲ್ಲದ ಮನಸ್ಸಿನಿಂದ ಹಾಡುತ್ತಿತ್ತು. ಕಣ್ಣು ಮುಚ್ಚಿ ಕೇಳಿದರೆ, ಮೊನ್ನೆಯವರೆಗೆ ಎರಡು ಬಾಕ್ಸುಗಳ ನಟ್ಟನಡುವೆ, ಬರಿ ಗೋಡೆಯ ಮುಂದೆ ನಿಂತು ವಚನ ಹೇಳುತ್ತಿದ್ದ ಗಾಯಕಿ ಈಗ ಬಲಗಡೆಯ ಕಿಟಕಿಯ ಹತ್ತಿರ ಸರಿದುಬಿಟ್ಟಿದ್ದಳು. ಅವಳನ್ನು ನಡುವಿಗೆ ಕರೆತರುವವರೆಗೆ ಈ ಮನುಷ್ಯನಿಗೆ ಅಂಗಡಿಯೂ ಬೇಡ, ಊಟವೂ ಬೇಡ.

"ಚಂದ ಕೇಳಾಕತ್ತೇತಲ್ರಿ, ಮತ್ತೇನಾಗೇತಿ?" ಎಂದಳು ಹೆಂಡತಿ ಶೋಭಾ.

"ಎಡಕ ಕಮ್ಮಿ ಐತಿ."

"ನನಗೇನೂ ಹಂಗ ಅನಿಸವಲ್ದು."

"ನಿನಗ ತಿಳಿಯೂದಿಲ್ಲ ಬಿಡು."

ಮದುವೆಯಾದಾಗಿನಿಂದ ಈ ಮಾತು ಕೇಳಿ ಕೇಳಿ ಶೋಭಾಳಿಗೆ ರೂಢಿಯಾಗಿತ್ತು. ಅವಳು ಚಹಾದ ಕಪ್ಪು ಬಸಿ ಎತ್ತಿಕೊಂಡು ಒಳಗೆ ಹೋದಳು.

ಅವನ ಸೊಕ್ಕಿಗೆ ಕಾರಣವೂ ಇತ್ತು ಅನ್ನಿ. ಗಿರಾಕಿಯೊಬ್ಬ ಹಿತ್ತಾಳೆಯ ಕೊಡ ತಂದು ಮುಂದಿಟ್ಟರೆ ಶ್ರೀಶೈಲ ಅದನ್ನು ಬೆರಳಿನ ಗೆಣ್ಣಿನಿಂದ ಒಮ್ಮೆ ಕುಟ್ಟಿ, ಕಣ್ಣಿಗೆ ಕಾಣದ ಸೀಳು ಎಲ್ಲಿದೆ ಎಂದು ಹೇಳುತ್ತಿದ್ದ. ಆ ಕಿವಿಯನ್ನೇ ಹಾಡಿನ ಹವ್ಯಾಸಕ್ಕೂ ಹಚ್ಚಿದ್ದ. ಗೋಕಾಕ, ಮೂಡಲಗಿ, ಹುಕ್ಕೇರಿಯ ಕಡೆ ಮನೆಯಲ್ಲಿ ಒಳ್ಳೆಯ ಸೆಟ್ಟು ಕೂಡಿಸುವ ಹುಚ್ಚು ಇದ್ದವರದೊಂದು ವಾಟ್ಸಾಪ್ ಬಳಗವಿತ್ತು. ಯಾವ ಬಾಕ್ಸು ಕೊಳ್ಳಬೇಕು, ಗೋಡೆಯಿಂದ ಎಷ್ಟು ದೂರ ಇಡಬೇಕು, ನೆಲಕ್ಕೆ ಜಮಖಾನೆ ಹಾಸಬೇಕೋ ಬೇಡವೋ, ಎಲ್ಲದಕ್ಕೂ ಕೊನೆಯ ಮಾತು ಶ್ರೀಶೈಲನದು. ಅವನು ಹೂಂ ಅಂದರೆ ಕೊಳ್ಳುತ್ತಿದ್ದರು, ಊಹೂಂ ಅಂದರೆ ಕೈ ಬಿಡುತ್ತಿದ್ದರು. ಊರಿನಲ್ಲಿ ಇನ್ನೊಬ್ಬರಿಗೆ ಹಣವಿತ್ತು, ಮತ್ತೊಬ್ಬರಿಗೆ ಹೊಲವಿತ್ತು. ಇವನಿಗೆ ಕಿವಿ ಇತ್ತು.

ಎಡದ ಬಾಕ್ಸನ್ನು ಎತ್ತಿ ಬಲಕ್ಕಿಟ್ಟ, ಬಲದ್ದನ್ನು ಎಡಕ್ಕಿಟ್ಟ. ಬಾಕ್ಸು ಕೆಟ್ಟಿದ್ದರೆ ಕುಗ್ಗಿದ ದನಿ ಅದರ ಜೊತೆಗೇ ಬಲಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ದನಿ ಎಡಕ್ಕೇ ಕುಗ್ಗಿ ಕೂತಿತ್ತು. ಅಂದಮೇಲೆ ತಪ್ಪು ಬಾಕ್ಸಿನದಲ್ಲ, ಹಾಡಿಗೆ ಬಲ ತುಂಬಿ ಎರಡೂ ಕಡೆ ಹಂಚುವ ಆಂಪ್ಲಿಫೈಯರಿನದು.

ಆ ಆಂಪ್ಲಿಫೈಯರು ಹುಕ್ಕೇರಿಯ ಸಾತಪ್ಪ ತನ್ನ ಕೈಯಾರೆ ಜೋಡಿಸಿದ್ದು. ಸಾತಪ್ಪನ ಅಂಗಡಿಯನ್ನು ಬಳಗಕ್ಕೆ ತೋರಿಸಿಕೊಟ್ಟವನೇ ಶ್ರೀಶೈಲ. ಇವನ ಮಾತಿನ ಮೇಲೆ ಹತ್ತೆಂಟು ಮನೆಗಳಲ್ಲಿ ಅವನ ಮಾಲು ಕೂತಿತ್ತು. ಮೂಡಲಗಿಯ ಹೈಸ್ಕೂಲು ಮಾಸ್ತರ ಕಾಶಿನಾಥ ಹೊಸ ಮನೆ ಕಟ್ಟಿಸಿ, "ಶ್ರೀಶೈಲಣ್ಣ ಬಂದು ಕೂಡಿಸಿದ ಮ್ಯಾಲ ಹಾಡು ಹಚ್ಚತೀನಿ" ಎಂದು ಕಾಯುತ್ತ ಕೂತಿದ್ದ, ಅವನಿಗೂ ಸಾತಪ್ಪನ ಮಾಲನ್ನೇ ಕೊಳ್ಳಲು ಹೇಳಿಯಾಗಿತ್ತು. ಇದರಲ್ಲಿ ಐಬು ಇದ್ದು ತನಗೆ ಇಷ್ಟು ದಿನ ಕೇಳಿಸಲಿಲ್ಲವೆಂದರೆ ಇನ್ನು ಮೇಲೆ ತನ್ನ ಮಾತಿಗೆ ಏನು ಕಿಮ್ಮತ್ತು? ಅಂಗಡಿಯಲ್ಲಿ ಕೂತರೂ ಅದೇ ಚಿಂತೆ. ಎಡಗಡೆ ನಿಂತ ಹೆಣ್ಣುಮಗಳೊಬ್ಬಳು ಹಿಟ್ಟು ನಾದುವ ಪರಾತ ಕೇಳಿ ಕೇಳಿ ಸಾಕಾಗಿ, "ಸಾವಕಾರ್ರ ಯಾವ ಗುಂಗಿನ್ಯಾಗ ಅದಾರೋ ಏನೋ" ಎಂದು ಬಾಜೂದ ಅಂಗಡಿಗೆ ಹೋದದ್ದೂ ಅವನಿಗೆ ಗೊತ್ತಾಗಲಿಲ್ಲ.

ಮರುದಿನ ಆಂಪ್ಲಿಫೈಯರನ್ನು ಹಳೆಯ ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಹುಕ್ಕೇರಿಯ ಬಸ್ಸು ಹತ್ತಿದ. ಕೊಣ್ಣೂರ ದಾಟುವವರೆಗೆ ಸಾತಪ್ಪನನ್ನು ಹೇಗೆ ಬೈಯಬೇಕೆಂದು ಯೋಚಿಸಿದ. ದಾಟಿದ ಮೇಲೆ, ತಾನೇ ಅವನನ್ನು ತಲೆಯ ಮೇಲೆ ಹೊತ್ತು ಮೆರೆಸಿದ್ದು ನೆನಪಾಗಿ ಆ ಬೈಗುಳಗಳನ್ನೆಲ್ಲ ಬಿಟ್ಟುಕೊಟ್ಟ.

ಸಾತಪ್ಪ ಮಾತು ಕಡಿಮೆಯ ಮನುಷ್ಯ. ಮುಚ್ಚಳ ತೆಗೆದು, ಮೀಟರಿನ ಕಡ್ಡಿ ಅಲ್ಲಿ ಇಲ್ಲಿ ಮುಟ್ಟಿಸಿ ನೋಡಿದ.

"ಮೀಟರಿನ್ಯಾಗ ಎರಡೂ ಕಡೆ ಸಮಾ ತೋರಸಾಕತ್ತೇತ್ರಿ ಸಾವಕಾರ್ರ."

"ಮೀಟರ್ ಎಂದಾದ್ರೂ ಹಾಡು ಕೇಳೇತೇನೋ? ಹಚ್ಚಿ ನೋಡು."

ಸಾತಪ್ಪ ತನ್ನ ಅಂಗಡಿಯ ಬಾಕ್ಸುಗಳಿಗೆ ಜೋಡಿಸಿ ಹಾಡು ಹಚ್ಚಿದ. ಅಲ್ಲಿಯೂ ಎಡಕ್ಕೆ ಕಮ್ಮಿ. ಬೇರೆ ಊರು, ಬೇರೆ ಬಾಕ್ಸು, ಆದರೂ ಅದೇ ರೋಗ. ಇನ್ನೇನು ಸಾಕ್ಷಿ ಬೇಕು? "ಕೇಳಿದಿಲ್ಲೋ?" ಎಂದ ಶ್ರೀಶೈಲ. ಸಾತಪ್ಪ ತಲೆ ಬಾಗಿಸಿ ಕೇಳಿದ, ಎದ್ದು ಜಾಗ ಬದಲಿಸಿ ಕೇಳಿದ. ಅವನ ಮುಖ ಸಣ್ಣದಾಯಿತು.

"ನೀವು ಅಂದ ಮ್ಯಾಲ ಇರಬೇಕ್ರಿ," ಎಂದ ಕೊನೆಗೆ. "ಇಟ್ಟ ಹೋಗ್ರಿ, ಪೂರಾ ಬಿಚ್ಚಿ ನೋಡತೀನಿ."

ಮರಳುವಾಗ ಬಸ್ಸಿನಲ್ಲೇ ಶ್ರೀಶೈಲ ಬಳಗಕ್ಕೆ ಒಂದು ಧ್ವನಿ ಸಂದೇಶ ಕಳಿಸಿದ. ಸಾತಪ್ಪನ ಮಾಲಿನಲ್ಲಿ ಎಡಗಡೆ ದನಿ ಕುಗ್ಗುತ್ತಿದೆ, ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ಒಮ್ಮೆ ಕೇಳಿ ನೋಡಬೇಕು. ತಪ್ಪು ಮುಚ್ಚಿಡುವುದು ಅವನ ಜಾಯಮಾನವಲ್ಲ. ಸಂಜೆಯೊಳಗೆ ಕೊಣ್ಣೂರಿನ ಮಾಲಿಂಗಪ್ಪ ಬರೆದ: "ನಮ್ಮದೂ ಎಡಕ ಮೆತ್ತಗ ಐತ್ರಿ, ನೀವು ಹೇಳಿದ ಮ್ಯಾಲ ಗೊತ್ತಾತು." ಆಮೇಲೆ ಇನ್ನೊಬ್ಬ, ಮತ್ತೊಬ್ಬ. ನಿನ್ನೆಯವರೆಗೆ ತಲೆದೂಗಿ ಕೇಳುತ್ತಿದ್ದವರೆಲ್ಲ ಒಬ್ಬರ ಹಿಂದೊಬ್ಬರು ಆಂಪ್ಲಿಫೈಯರನ್ನು ಹುಕ್ಕೇರಿಗೆ ಹೊತ್ತು ಹಾಕಿದರು. ತಾನು ಹೇಳಿದ್ದು ನಿಜವಾಯಿತೆಂದು ಶ್ರೀಶೈಲನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಸಾತಪ್ಪನ ಸಣ್ಣದಾದ ಮುಖ ಕಣ್ಣ ಮುಂದಿಂದ ಸರಿಯಲೊಲ್ಲದು. ಫೋನು ಹಚ್ಚಿದರೆ ಅವನು ಎತ್ತುತ್ತಲೂ ಇರಲಿಲ್ಲ. ಪಡಸಾಲೆಯಲ್ಲಿ ಬಾಕ್ಸುಗಳು ಮೂಕವಾಗಿ ಕೂತಿದ್ದವು, ಮನೆ ಭಣಭಣ ಅನ್ನುತ್ತಿತ್ತು.

ಕಾಶಿನಾಥನಿಗೆ ಬೆಳಗಾವಿಯಿಂದ ಕಂಪನಿಯ ಆಂಪ್ಲಿಫೈಯರು ತರಿಸಲು ಹೇಳಿದ. ಅದು ಬಂದ ಮೇಲೆ ಒಂದು ರವಿವಾರ ಅರಭಾವಿ ಹಾಯ್ದು ಮೂಡಲಗಿಗೆ ಹೋದ. ಮಾಸ್ತರನ ಮನೆಯಲ್ಲಿ ಇವನಿಗೆ ಬೀಗರಿಗೆ ಆಗುವಂಥ ಆದರ. ಬಾಕ್ಸುಗಳನ್ನು ಗೋಡೆಯಿಂದ ಮುಂದೆ ಎಳೆದು, ಮುಖ ತುಸು ಒಳಕ್ಕೆ ತಿರುಗಿಸಿ, ನಡುವಿನ ಮೇಜಿನ ಮೇಲೆ ಆಂಪ್ಲಿಫೈಯರು ಇಟ್ಟು, ಎದುರಿಗೆ ಕುರ್ಚಿ ಹಾಕಿಕೊಂಡು ಕೂತ. ಹಾಡು ಶುರುವಾಯಿತು.

ಎಡಕ್ಕೆ ಕಮ್ಮಿ.

ಸಾತಪ್ಪ ಮುಟ್ಟಿಯೇ ಇರದ ಹೊಚ್ಚ ಹೊಸ ಡಬ್ಬಿ ಇದು. ಎಡ ಬಲದ ದನಿಯನ್ನು ಹೆಚ್ಚು ಕಡಿಮೆ ಮಾಡುವ ಗುಂಡಿಯನ್ನು ಎಡಕ್ಕೆ ಸ್ವಲ್ಪ ತಿರುಗಿಸಿದ. ಸಾಲಲಿಲ್ಲ. ಇನ್ನಷ್ಟು ತಿರುಗಿಸಿದ. ಗುಂಡಿ ಎಡದ ಅಂಚು ಮುಟ್ಟಿದಾಗ ಹಾಡು ಹೇಗೋ ಒಂದು ಹದಕ್ಕೆ ಬಂದಂತಾಯಿತು. ಅಷ್ಟರಲ್ಲಿ ಕಾಶಿನಾಥನ ಹೆಂಡತಿ ರಾಜೇಶ್ವರಿ ಅವಲಕ್ಕಿ ಚೂಡಾದ ತಾಟು ಹಿಡಿದು ಬಂದವಳು, "ಎಲ್ಲಾ ದನಿ ಆ ಮೂಲಿಯಿಂದನ ಬರಾಕತ್ತೇತಲ್ರಿ," ಎಂದಳು.

"ಅಣ್ಣಾರು ಮಾಡಾಕತ್ತಾರ, ನೀ ಸುಮ್ಮಕಿರು," ಎಂದ ಕಾಶಿನಾಥ.

ರಾಜೇಶ್ವರಿ ಸುಮ್ಮನಾದಳು. ಶ್ರೀಶೈಲ ಸುಮ್ಮನಾಗಲಿಲ್ಲ. ಗುಂಡಿಯನ್ನು ಮತ್ತೆ ನಡುವಿಗೆ ತಂದು, ಎಡದ ಬಾಕ್ಸಿನ ತಂತಿ ಸಡಿಲಾಗಿರಬೇಕೆಂದು ಮೇಜಿನ ಹಿಂದೆ ಹೋಗಿ, ಗಂಡ ಹೆಂಡತಿಯ ಕಡೆ ಮುಖ ಮಾಡಿ ಬಗ್ಗಿ ತಂತಿಯನ್ನು ಬಿಗಿದ. ಬಿಗಿಯುತ್ತಲೇ ಆ ಬಾಕ್ಸಿನ ದನಿ ತುಂಬಿ ಬಂತು. ಜೀವ ಹೂವಿನಷ್ಟು ಹಗುರಾಯಿತು. "ಸಿಕ್ಕಿತು ನೋಡು," ಎಂದು ಮುಂದೆ ಬಂದು ಕುರ್ಚಿಯಲ್ಲಿ ಕೂತ. ಮತ್ತೆ ಎಡಕ್ಕೆ ಕಮ್ಮಿ. ಹಿಂದೆ ಹೋದ, ದನಿ ಬಂತು. ಮುಂದೆ ಬಂದ, ಹೋಯಿತು.

ಕುರ್ಚಿಯ ಮುಂದೆ ಜಮಖಾನೆಯ ಮೇಲೆ ನಿಂತುಕೊಂಡ. ನಿಂತಲ್ಲೇ ನಿಧಾನಕ್ಕೆ ತಿರುಗಿದ. ಅವನು ತಿರುಗಿದ ಹಾಗೆ ಕುಗ್ಗಿದ ದನಿಯೂ ಅವನ ಜೊತೆಗೆ ತಿರುಗಿತು. ಬಾಕ್ಸುಗಳಿಗೆ ಬೆನ್ನು ಮಾಡಿದಾಗ, ಈವರೆಗೆ ಗಟ್ಟಿಯಾಗಿದ್ದ ಬಾಕ್ಸು ಮೆತ್ತಗಾಗಿ, ಮೆತ್ತಗಿದ್ದದ್ದು ಗಟ್ಟಿಯಾಗಿತ್ತು. ಎತ್ತ ತಿರುಗಿದರೂ ಅದು ಅವನ ಎಡಕ್ಕೇ ಇತ್ತು.

ತೋರುಬೆರಳಿನಿಂದ ಬಲಗಿವಿಯನ್ನು ಮುಚ್ಚಿದ. ಹಾಡು ಪಕ್ಕದ ಓಣಿಗೆ ಹೋಗಿಬಿಟ್ಟಿತು.

ಕುರ್ಚಿಯ ಕೈ ಹಿಡಿದು ಕೂತ. ಇಷ್ಟು ದಿನ ಪಟ್ಟ ಅಂಜಿಕೆಯೆಲ್ಲ ಒಂದು ಕಡೆ, ಈಗಿನದು ಒಂದು ಕಡೆ. ಎಷ್ಟು ತಿಂಗಳಿಂದ ಒಳಗೊಳಗೇ ಕುಗ್ಗುತ್ತಿತ್ತೋ, ನಾಳೆ ಬಲಗಿವಿಯೂ ಹೀಗೇ ಆದರೆ ಹೇಗೋ, ಯಾರಿಗೂ ಹೇಳದೆ ಎದ್ದು ಹೋಗಿಬಿಟ್ಟರೆ ಹೇಗೆ, ಎಲ್ಲವೂ ಒಟ್ಟಿಗೇ ತಲೆಯಲ್ಲಿ ಮುತ್ತಿದವು. ಕೊನೆಯದು ಬಹಳ ರುಚಿಯಾಗಿ ಕಂಡಿತು. ಬಾಕ್ಸು ಸರಿಯಿಲ್ಲವೆಂದರೆ ಕಾಶಿನಾಥ ಅದನ್ನೂ ನಂಬುತ್ತಿದ್ದ. ಆದರೆ ಹುಕ್ಕೇರಿಯಲ್ಲಿ ಒಬ್ಬ ಮನುಷ್ಯ ಏನೂ ಕೆಡದ ಡಬ್ಬಿಗಳನ್ನು ಬಿಚ್ಚುತ್ತ ಕೂತಿದ್ದ.

"ಕಾಶಿನಾಥಾ, ಡಬ್ಬಿ ಚಲೋ ಐತಿ. ನನ್ನ ಎಡಗಿವಿ ಕೇಳಸವಲ್ದು."

ಕಾಶಿನಾಥ ನಕ್ಕ. "ಏನ್ ಮಾತಂತ ಆಡತೀರಣ್ಣಾ. ನನಗೂ ಎಡಕ ಕಮ್ಮೀನ ಕೇಳಸಾಕತ್ತೇತ್ರಿ."

ಶ್ರೀಶೈಲ ಅವನ ಮುಖ ನೋಡಿದ. ಸುಳ್ಳು ಹೇಳುವ ಮುಖವಲ್ಲ ಅದು. ಅವನಿಗೆ ಖರೇನೇ ಹಾಗೆ ಕೇಳುತ್ತಿತ್ತು, ಮಾಲಿಂಗಪ್ಪನಿಗೆ ಕೇಳಿದ ಹಾಗೆ. ಕಿವುಡಾದದ್ದು ಇವನ ಒಂದು ಕಿವಿ, ಕೆಡಿಸಿದ್ದು ಊರ ಮಂದಿಯ ಕಿವಿಗಳನ್ನು. ಅವನಿಗೆ ನಾಚಿಕೆಯಾಯಿತು, ಹೆದರಿಕೆಗಿಂತ ಹೆಚ್ಚು ನಾಚಿಕೆಯಾಯಿತು.

"ತಂಗೀ, ನೀ ಬಂದ ಕುಂಡ್ರು ಇಲ್ಲೆ," ಎಂದು ರಾಜೇಶ್ವರಿಗೆ ಕುರ್ಚಿ ಬಿಟ್ಟುಕೊಟ್ಟ. "ಕಣ್ಣ ಮುಚ್ಚಿ ಕೇಳು. ಹಾಡಾಕಿ ಎಲ್ಲಿ ನಿಂತಾಳ ಹೇಳು."

ಅವಳು ಗಂಡನ ಕಡೆ ನೋಡಿದಳು, ಇವನ ಕಡೆ ನೋಡಿದಳು. "ನೀವ ಹೇಳ್ರಿ ಅಣ್ಣಾರ. ನನಗೇನ್ ತಿಳಿತೈತ್ರಿ."

"ನನಗ ಕೇಳಸೂದಿಲ್ಲವ್ವಾ. ನೀನ ಹೇಳಬೇಕು."

ರಾಜೇಶ್ವರಿ ಸೆರಗು ಸರಿಮಾಡಿಕೊಂಡು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತು ಕೇಳಿ, ಎರಡು ಬಾಕ್ಸುಗಳ ನಡುವೆ, ಏನೂ ಇಲ್ಲದ ಕಡೆ ಬೆರಳು ಮಾಡಿದಳು. "ನಟ್ಟ ನಡಕ ನಿಂತಾಳಲ್ರಿ."

ಕಾಶಿನಾಥನೂ ಕಣ್ಣು ಮುಚ್ಚಿದ. ಅವನ ಹುಬ್ಬು ಮೆಲ್ಲಗೆ ಮೇಲೇರಿದ್ದನ್ನು ನೋಡಿ ಶ್ರೀಶೈಲ ಫೋನು ತೆಗೆದುಕೊಂಡು ಹೊರಗಿನ ಕಟ್ಟೆಗೆ ಬಂದ. ಬಳಗಕ್ಕೆ ಇದ್ದದ್ದು ಇದ್ದ ಹಾಗೆ ಹೇಳಿ ಕಳಿಸಿದ. ಆಮೇಲೆ ಸಾತಪ್ಪನ ನಂಬರಿಗೆ ಹಚ್ಚಿದ. ಎತ್ತಲಿಲ್ಲ. ಮತ್ತೆ ಹಚ್ಚಿದ, ಮತ್ತೆ ಹಚ್ಚಿದ, ಕೊನೆಗೆ ಎತ್ತಿದ.

"ಸಾತಪ್ಪಾ, ನಿನ್ನ ಮಾಲಿಗೆ ಏನೂ ಆಗಿಲ್ಲೋ. ನನ್ನ ಎಡಗಿವಿ ಹೋಗೇತಿ."

ಕಟ್ಟಾಯಿತೇನೋ ಎಂದು ಶ್ರೀಶೈಲ ಫೋನು ನೋಡಿಕೊಂಡ.

"ಖರೇ ಹೇಳಾಕತ್ತೀರೇನ್ರಿ ಸಾವಕಾರ್ರ?"

"ಖರೇನ. ಬಾಯಿ ತುಂಬ ಬೈದಬಿಡು."

"ಬಯ್ಯೂದೇನ್ರಿ," ಎಂದ ಸಾತಪ್ಪ. "ಹಂಗಾರ ಮಿರಜ ಊರಿನ ಡಾಕ್ಟರು ಹೇಳಿದ್ದು ಖರೇನ ಆತು."

"ಯಾವ ಡಾಕ್ಟರೋ?"

"ಕಿವಿ ಡಾಕ್ಟರ್ರೀ. ಆವತ್ತ ನೀವು ಎಡಕ ಕಮ್ಮಿ ಐತಿ ಅಂದ್ರಿ, ನನಗ ಎರಡೂ ಸಮಾ ಕೇಳಸಾಕತ್ತಿದ್ವು. ಆಮ್ಯಾಲ ಮಂದೀನೂ ಹಂಗ ಅಂದ್ರು. ಎಲ್ಲಾರಿಗೂ ಕೇಳಸೂದು ನನಗ ಒಬ್ಬಾವಗ ಕೇಳಸವಲ್ದು ಅಂದ ಮ್ಯಾಲ ನನ್ನ ಕಿವೀನ ಹೋಗ್ಯಾವು ಅನಕೊಂಡ್ನಿ. ಕಿವಿ ಇಲ್ಲದಾಂವ ಈ ದಂಧೆ ಮಾಡಬಾರದು ಅಂತ ಅಂಗಡಿ ಬೋರ್ಡ್ ಇಳಿಸಿಬಿಟ್ಟೇನ್ರಿ."

"ಡಾಕ್ಟರು ಏನಂದ್ರು?"

"ನಿನ್ನ ಕಿವಿ ಭಾಳ ಚಲೋ ಅದಾವು ಅಂದ್ರು. ನಾನ ನಂಬಲಿಲ್ರಿ. ನಮ್ಮ ಸಾವಕಾರ್ರಿಗಿಂತ ಈ ಡಾಕ್ಟರಿಗೇನ್ ತಿಳಿತೈತಿ ಅಂತ ಎದ್ದ ಬಂದ್ನಿ."

ಓಣಿಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹಾಯ್ದು ಹೋಯಿತು, ಅದರ ಸಪ್ಪಳ ಒಂದೇ ಕಿವಿಗೆ ಬಡಿಯಿತು. ಶ್ರೀಶೈಲ ಕಣ್ಣು ಒರೆಸಿಕೊಂಡು, ಫೋನನ್ನು ಬಲಗಿವಿಗೆ ಗಟ್ಟಿಯಾಗಿ ಒತ್ತಿಕೊಂಡ.

"ಮೊದಲ ಬೋರ್ಡ್ ಏರಸು ಸಾತಪ್ಪಾ. ಆಮ್ಯಾಲ ಆ ಡಾಕ್ಟರ ಕಡೆ ನನ್ನ ಕರಕೊಂಡ ಹೋಗು. ಅವರು ಏನಂದರೂ ನಾ ನಂಬತೀನಿ."